ಸಾಸಿವೆ ಡಬ್ಬಿಯಿಂದ ಕ್ಯಾಲೆಂಡರಿಗೆ

2016ರ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಬೊಮ್ಮನಹಳ್ಳಿ ಸುತ್ತಲಿನ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಮಿಷನ್ ನಿಲ್ಲಿಸಿ ಹೊಸೂರು ರಸ್ತೆಗೆ ಬಂದು ಕೂತರು. ಮಾರನೆಯ ದಿನ ಅದು ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆಗೂ ಹಬ್ಬಿತು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಹೆಬ್ಬಗೋಡಿ ಠಾಣೆಯ ಬಳಿ ವಾಹನಗಳು ಸುಟ್ಟುಹೋದವು. 19ರ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಫೆಬ್ರವರಿ 10ರ ಅಧಿಸೂಚನೆಯನ್ನು ರದ್ದು ಮಾಡುವುದಾಗಿ ಹೇಳಿದರು.

ಆ ಅಧಿಸೂಚನೆ ಹೇಳಿದ್ದು ಇಷ್ಟು: ಕೆಲಸ ಬಿಟ್ಟವರು ತಮ್ಮ ಪಾಲಿನ ಪಿಎಫ್ ಮತ್ತು ಅದರ ಬಡ್ಡಿಯನ್ನು ತೆಗೆದುಕೊಳ್ಳಬಹುದು, ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಸಿಗದು. ಅದುವರೆಗೆ ಎರಡು ತಿಂಗಳು ಕೆಲಸವಿಲ್ಲದೆ ಕಳೆದರೆ ಪೂರ್ತಿ ಕೈಗೆ ಬರುತ್ತಿತ್ತು. ದಿಲ್ಲಿಯಲ್ಲಿ ಕೂತು ನೋಡಿದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮುಪ್ಪಿನ ದುಡ್ಡು ಮುಪ್ಪಿಗೇ ಇರಲಿ ಎಂಬ ಹಿತಚಿಂತನೆ. ಆದರೆ ಬೊಮ್ಮನಹಳ್ಳಿಯ ಇಪ್ಪತ್ತೆಂಟರ ಹೆಂಗಸಿಗೆ ಅದೇ ದುಡ್ಡು ತಂಗಿಯ ಮದುವೆಗೆ, ಮಗನ ಶಾಲೆಯ ದಾಖಲಾತಿಗೆ, ಊರಿನ ಮನೆಯ ಚಾವಣಿಗೆ ಎಂದು ನಿಗದಿಯಾಗಿತ್ತು. ನಿಗದಿ ಮಾಡಿದವರು ಗಂಡ ಹೆಂಡತಿ ಇಬ್ಬರೂ ಸೇರಿ, ಯಾವುದೋ ಭಾನುವಾರದ ಊಟದ ಮೇಲೆ. ಆ ತಾರೀಖನ್ನು ಸರ್ಕಾರ ಕೇಳದೇ ಬದಲಾಯಿಸಿತ್ತು.

ಆ ಎರಡು ದಿನಗಳ ಗಲಾಟೆಯನ್ನು ಕೂಲಿಯ ಹೋರಾಟ ಎಂದು ಓದುವವರಿದ್ದಾರೆ. ನನಗೆ ಅದು ಈ ನಗರದ ಅತಿ ದೊಡ್ಡ ಮನೆಬಜೆಟ್ ಚರ್ಚೆಯಂತೆ ಕಾಣುತ್ತದೆ.

ಅದೇ ವರ್ಷದ ನವೆಂಬರ್ 8ರ ರಾತ್ರಿ ಇನ್ನೊಂದು ಬಗೆಯ ಉಳಿತಾಯ ಬಯಲಾಯಿತು. ₹500, ₹1,000ದ ನೋಟು ಚಲಾವಣೆಯಲ್ಲಿಲ್ಲ ಎಂದಾಗ ಸಾಸಿವೆ ಡಬ್ಬಿ, ಅಕ್ಕಿ ಡ್ರಮ್ಮು, ಹಾಸಿಗೆಯಡಿಯ ದುಡ್ಡೆಲ್ಲ ಗಂಡಂದಿರ ಕಣ್ಣಿಗೆ ಬಿತ್ತು. ಎಷ್ಟೋ ಮನೆಗಳಲ್ಲಿ ನಗು, ಕೆಲವು ಮನೆಗಳಲ್ಲಿ ಜಗಳ. ಸಾಸಿವೆ ಡಬ್ಬಿಯನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಕುಡಿಯುವ ಗಂಡನಿರುವ ಮನೆಯಲ್ಲಿ ಅದೊಂದೇ ಭದ್ರವಾದ ಬ್ಯಾಂಕು. ಆದರೆ ಆ ದುಡ್ಡಿಗೆ ಒಡತಿಯಿದ್ದಳು, ತಾರೀಖು ಇರಲಿಲ್ಲ. ಪಿಎಫ್ ದುಡ್ಡಿಗೆ ತಾರೀಖಿತ್ತು, ಒಡೆತನ ತಮ್ಮದಲ್ಲವೇನೋ ಎಂಬ ಭಯ ಬಂತು. ಹೊಸದಾಗಿ ಸಂಸಾರ ಹೂಡಿದವರು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆ ಎಂಬುದೇ ಈ ಅಧ್ಯಾಯ.

ಲಗ್ಗೆರೆಯ ಒಂದು ಲೆಕ್ಕ

ಉದಾಹರಣೆಗೆ ಒಂದು ಜೋಡಿ ಇಟ್ಟುಕೊಳ್ಳೋಣ. ಮದುವೆಯಾಗಿ ಒಂದು ವರ್ಷ. ಆತ ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್, ಕೈಗೆ ₹24,000. ಆಕೆ ಗಾರ್ಮೆಂಟ್‌ನಲ್ಲಿ ಟೈಲರ್, ಕೈಗೆ ₹13,000. ಒಟ್ಟು ₹37,000. ಲಗ್ಗೆರೆಯಲ್ಲಿ ಮನೆ, ನೀರು ಸೇರಿ ₹9,500. ರೇಷನ್ನು, ಗ್ಯಾಸು, ಹಾಲು, ತರಕಾರಿಗೆ ₹9,500. ಊರಿಗೆ ₹4,000. ಬೈಕಿನ ಕಂತು ₹3,200. ಫೋನು, ಪೆಟ್ರೋಲು, ಮಾತ್ರೆ, ಹಬ್ಬ ಹುಣ್ಣಿಮೆಗೆ ₹2,800. ಆಕೆಯ ಬಸ್ಸಿಗೆ 2023ರ ಜೂನ್ 11ರಿಂದ ಟಿಕೆಟ್ ದುಡ್ಡಿಲ್ಲ, ಶಕ್ತಿ ಯೋಜನೆ. ಇಷ್ಟಾದ ಮೇಲೆ ಉಳಿಯುವುದು ₹8,000.

ಅಮೆರಿಕದಲ್ಲಿ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು 2005ರಲ್ಲಿ ಬರೆದ ಪುಸ್ತಕದಿಂದ ಒಂದು ಸೂತ್ರ ಜಗತ್ತಿಡೀ ಹರಡಿತು: ಅಗತ್ಯಕ್ಕೆ ನೂರಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20. ನಮ್ಮ ಜೋಡಿಯ ಖರ್ಚುಗಳೇ ನೂರಕ್ಕೆ 78 ನುಂಗುತ್ತವೆ. ಊರಿಗೆ ಕಳಿಸುವ ₹4,000 ಯಾವ ಖಾನೆಗೆ ಸೇರಬೇಕು, ಅಗತ್ಯಕ್ಕೋ ಆಸೆಗೋ? ಸೊಸೆ ಒಂದು ಹೇಳುತ್ತಾಳೆ, ಅತ್ತೆ ಇನ್ನೊಂದು. ಆ ಸೂತ್ರವನ್ನು ಹಿಡಿದು ಕೂತರೆ ಲಗ್ಗೆರೆಯಲ್ಲಿ ಯಾರೂ ಉಳಿಸಲಾರರು, ಆದರೂ ಉಳಿಸುತ್ತಿದ್ದಾರೆ. ಅವರು ಪ್ರಮಾಣ ನೋಡುವುದಿಲ್ಲ, ತಿಂಗಳು ನೋಡುತ್ತಾರೆ.

ಈ ₹8,000ಕ್ಕೆ ತಾರೀಖು ಬರೆಯುವುದಾದರೆ ಹೀಗೆ. ಮೊದಲನೆಯದು ಹತ್ತಿರದ್ದು: ಒಂದೂವರೆ ವರ್ಷದೊಳಗೆ ಇನ್ನೊಂದು ರೂಮಿರುವ ಮನೆ. ಬೆಂಗಳೂರಿನ ಅಡ್ವಾನ್ಸ್ ಗೊತ್ತಿದ್ದದ್ದೇ, ಹತ್ತು ತಿಂಗಳ ಬಾಡಿಗೆ ಕೇಳುವವರು ಇನ್ನೂ ಇದ್ದಾರೆ. ಹಳೆಯ ಮನೆಯ ಅಡ್ವಾನ್ಸ್ ವಾಪಸ್ ಬರುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಅದೂ ಹೊಸ ಮನೆಗೆ ದುಡ್ಡು ಕೊಟ್ಟ ಮೇಲೆ ಬರುತ್ತದೆ, ಮೊದಲಲ್ಲ. ಹಾಗಾಗಿ ಮಧ್ಯದ ಆ ಹದಿನೈದು ದಿನಕ್ಕೆ ಕೈಸಾಲ, ಮೀಟರ್ ಬಡ್ಡಿ. ಎರಡನೆಯ ತಾರೀಖು ಐದು ವರ್ಷದ್ದು: ಹುಟ್ಟಲಿರುವ ಮಗುವಿನ ಶಾಲೆ. ಮೂರನೆಯದು ದೂರದ್ದು, ಸ್ವಂತ ಸೂರು.

ಮೊದಲ ತಾರೀಖಿಗೆ ಚೀಟಿ ಹೊಂದುತ್ತದೆ. ₹1 ಲಕ್ಷದ ಚೀಟಿ, ಇಪ್ಪತ್ತು ಜನ, ಇಪ್ಪತ್ತು ತಿಂಗಳು, ಕಂತು ₹5,000. ಮೂರನೇ ತಿಂಗಳು ಯಾರೋ ತುರ್ತಿಗೆ ಸಿಕ್ಕಿಕೊಂಡವರು ₹20,000 ಬಿಟ್ಟುಕೊಟ್ಟು ಕೂಗುತ್ತಾರೆ ಎನ್ನಿ. ಅವರಿಗೆ ₹80,000 ಸಿಗುತ್ತದೆ. ಬಿಟ್ಟುಕೊಟ್ಟ ₹20,000ದಲ್ಲಿ ನಡೆಸುವವರ ಕಮಿಷನ್ ನೂರಕ್ಕೆ 5 ಎಂದರೆ ₹5,000 ಹೋಗಿ, ಉಳಿದ ₹15,000 ಇಪ್ಪತ್ತು ಜನಕ್ಕೆ ಹಂಚಿ ತಲಾ ₹750. ಆ ತಿಂಗಳು ಎಲ್ಲರೂ ಕಟ್ಟುವುದು ₹4,250 ಮಾತ್ರ. ಬೇಗ ಎತ್ತಿದವರಿಗೆ ಇದು ಸಾಲ, ಕಾದು ಎತ್ತಿದವರಿಗೆ ಉಳಿತಾಯ. ಒಂದೇ ಜಮಖಾನದ ಮೇಲೆ ಎರಡೂ. ಬ್ಯಾಂಕಿನ ಯಾವ ಖಾತೆಗೂ ಈ ಜಾಣತನವಿಲ್ಲ.

ನೋಂದಣಿಯಾದ ಚೀಟಿ 1982ರ ಚಿಟ್ ಫಂಡ್ ಕಾಯ್ದೆಯಡಿ ನಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಕಮಿಷನ್ ಮಿತಿಯನ್ನು ನೂರಕ್ಕೆ 5ರಿಂದ 7ಕ್ಕೆ ಏರಿಸಿದರು. ನಮ್ಮ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ನೋಂದಣಿಯ ಮಾತನ್ನು ಒತ್ತಿ ಹೇಳುವುದಕ್ಕೆ ನನ್ನದೇ ಕಾರಣವಿದೆ. ನಾವು ವಠಾರದಲ್ಲಿದ್ದಾಗ ಚೀಟಿ ನಡೆಸುತ್ತಿದ್ದವರು ಒಂದು ಬೆಳಗ್ಗೆ ಮನೆಗೆ ಬೀಗ ಹಾಕಿ ಹೋದರು. ನಮ್ಮದು ₹2,000ದ ಹನ್ನೆರಡು ಕಂತು. ಬೀಗ ನೋಡುತ್ತಾ ನಿಂತ ಹತ್ತು ಹೆಂಗಸರಲ್ಲಿ ಒಬ್ಬರ ಕೈಯಲ್ಲೂ ರಸೀತಿ ಇರಲಿಲ್ಲ. ಎಲ್ಲರ ಕೈಯಲ್ಲಿದ್ದದ್ದು ಹಾಲಿನ ಲೆಕ್ಕದ ಕಾರ್ಡಿನ ಹಿಂದೆ ಚೀಟಿ ನಡೆಸುತ್ತಿದ್ದಾಕೆಯೇ ಬರೆದ ಪೆನ್ಸಿಲ್ ಗುರುತು.

ಉಳಿದ ₹3,000 ಅಂಚೆ ಕಚೇರಿಯ ಆರ್‌ಡಿಗೆ. ನೂರಕ್ಕೆ 6.7ರ ದರದಲ್ಲಿ ಐದು ವರ್ಷಕ್ಕೆ ಕಟ್ಟಿದ ₹1,80,000 ಸುಮಾರು ₹2,14,000 ಆಗುತ್ತದೆ. ಹುಟ್ಟಿದ್ದು ಹೆಣ್ಣುಮಗುವಾದರೆ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯಿದೆ. ವರ್ಷಕ್ಕೆ ₹250 ಕಟ್ಟಿದರೂ ಜೀವಂತವಾಗಿರುತ್ತದೆ, ಆದರೆ ಅದರ ತಾರೀಖು 21 ವರ್ಷದಾಚೆಗಿದೆ. ಶಾಲೆಯ ಫೀಸಿಗೆ ಎಂದು ಅದರಲ್ಲಿ ಹಾಕಿದರೆ ಏಪ್ರಿಲ್ 2016ರ ಸಂಕಟವೇ ಮನೆಯೊಳಗೆ ಮತ್ತೆ ಹುಟ್ಟುತ್ತದೆ: ದುಡ್ಡಿದೆ, ಬೇಕಾದ ದಿನ ಇಲ್ಲ.

ಸಣ್ಣ ಸಂಬಳದ ದೊಡ್ಡ ಪಾಲು

ಈ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ ಆಕೆಯ ₹13,000. ಗರ್ಭಿಣಿಯಾದ ಕೂಡಲೇ "ಆ ಹದಿಮೂರು ಸಾವಿರಕ್ಕೆ ಯಾಕೆ ಒದ್ದಾಡ್ತೀಯ, ಬಿಟ್ಟುಬಿಡು" ಎನ್ನುವುದು ಗಂಡ, ಅಮ್ಮ, ಅತ್ತೆ ಎಲ್ಲರ ಬಾಯಲ್ಲೂ ಒಂದೇ ಮಾತು. ಪ್ರೀತಿಯಿಂದಲೇ ಹೇಳುವುದು. ಆದರೆ ತಿಂಗಳಿಗೆ ₹21,000ದೊಳಗಿನ ವೇತನದವರಿಗೆ ಇಎಸ್‌ಐ ಇದೆ. ಆಕೆಯ ಸಂಬಳದಿಂದ ಅದಕ್ಕೆ ಹಿಡಿಯುವುದು ನೂರಕ್ಕೆ 75 ಪೈಸೆ, ಮಾಲೀಕರು ಕಟ್ಟುವುದು ಮೂರೂಕಾಲು ರೂಪಾಯಿ. ಕೆಲಸದಲ್ಲಿದ್ದು 70 ದಿನದ ವಂತಿಗೆ ಪೂರೈಸಿದ್ದರೆ ಹೆರಿಗೆಗೆ 26 ವಾರಗಳ ಪೂರ್ತಿ ವೇತನ ಸಿಗುತ್ತದೆ. ಆರು ತಿಂಗಳಿಗೆ ಎಂದರೂ ₹78,000 ಹತ್ತಿರ. ಚಿಕಿತ್ಸೆ ಬೇರೆ, ಗಂಡನಿಗೂ ಸೇರಿ. ಆತನ ಒಟ್ಟು ವೇತನ ಮಿತಿ ದಾಟಿರುವುದರಿಂದ ಆತನ ಹೆಸರಿನಲ್ಲಿ ಇಎಸ್‌ಐ ಇಲ್ಲ. ಮನೆಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಬಾಗಿಲು ತೆರೆದಿಟ್ಟಿರುವುದು ಚಿಕ್ಕ ಸಂಬಳದವಳು.

ಪಿಎಫ್ ಕೂಡ ಹಾಗೇ, ಸದ್ದಿಲ್ಲದೆ ಬೆಳೆಯುವಂಥದ್ದು. ಮೂಲವೇತನ ₹15,000 ಇದ್ದರೆ ನೌಕರನ ಪಾಲು ₹1,800. ಮಾಲೀಕರೂ ಅಷ್ಟೇ ಕಟ್ಟುತ್ತಾರೆ, ಆದರೆ ಅದರಲ್ಲಿ ₹1,250 ಪಿಂಚಣಿ ನಿಧಿಗೆ ಹೋಗಿ ಪಾಸ್‌ಬುಕ್ಕಿಗೆ ಬರುವುದು ₹550. ಒಟ್ಟು ತಿಂಗಳಿಗೆ ₹2,350. ನೂರಕ್ಕೆ 8.25ರ ಬಡ್ಡಿ ಹೀಗೇ ನಡೆದರೆ ಹತ್ತು ವರ್ಷಕ್ಕೆ ನಾಲ್ಕೂಕಾಲು ಲಕ್ಷದ ಆಸುಪಾಸು. ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬಿಟ್ಟು, ಪಿಎಫ್ ತೆಗೆದು, ಪಕ್ಕದ ಕಾರ್ಖಾನೆಗೆ ಸೇರುವುದು ಪೀಣ್ಯದಲ್ಲಿ ಹಳೆಯ ಚಾಳಿ. ಹಾಗೆ ತೆಗೆಯುವಾಗ ಪಿಂಚಣಿಯ ದುಡ್ಡನ್ನೂ ಬಾಚಿಕೊಂಡರೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಮತ್ತೆ ಸೊನ್ನೆಯಿಂದ ಶುರು. 2014ರಿಂದ ಯುಎಎನ್ ಸಂಖ್ಯೆ ಇದೆ. ಕಾರ್ಖಾನೆ ಬದಲಾದರೂ ಖಾತೆಯನ್ನು ಅದರಡಿ ವರ್ಗಾಯಿಸಬಹುದು.

2025ರ ಅಕ್ಟೋಬರ್ 13ರಂದು ಪಿಎಫ್ ಮಂಡಳಿ ಮತ್ತೆ ತಾರೀಖು ಮುಟ್ಟಿತು. ನಾಲ್ಕರಲ್ಲಿ ಒಂದು ಪಾಲು ಖಾತೆಯಲ್ಲೇ ಇರಬೇಕು, ಕೆಲಸ ಬಿಟ್ಟವರು ಪೂರ್ತಿ ತೆಗೆಯಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು ಎಂಬುದು ಆ ತೀರ್ಮಾನ. ಮುಕ್ಕಾಲು ಪಾಲಿಗೆ ಮಾತ್ರ ದಾರಿ ಮೊದಲಿಗಿಂತ ಸಲೀಸು. ಹಾಗಾಗಿ ಪಿಎಫ್ ಅನ್ನು ಮೂರನೆಯ ತಾರೀಖಿಗೆ, ಆ ದೂರದ ಸೂರಿಗೆ, ಬಿಟ್ಟಿಡುವುದೇ ನನಗೆ ಸರಿಯೆನಿಸುತ್ತದೆ.

ಐಟಿ ಗೇಟಿನ ಒಳಗೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಜೋಡಿಗೆ ಇದೆಲ್ಲ ಬೇರೆ ಲೋಕದ ಮಾತು ಅನಿಸಬಹುದು. ಅಲ್ಲಿ ಸೊನ್ನೆಗಳು ಹೆಚ್ಚು, ಎಡವಟ್ಟು ಅದೇ. ಹೂಡಿ ಕಡೆ ಫ್ಲ್ಯಾಟಿಗೆ ₹60 ಲಕ್ಷ ಸಾಲ, ನೂರಕ್ಕೆ 8.5, ಇಪ್ಪತ್ತು ವರ್ಷ. ಇಎಂಐ ₹52,070. ಮೊದಲ ಕಂತಿನಲ್ಲಿ ಬಡ್ಡಿಗೇ ₹42,500 ಹೋಗಿ ಅಸಲಿಗೆ ಸೇರುವುದು ₹9,570. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟುತ್ತಾ ಹೋದರೆ ಸಾಲ ಮೂರು ವರ್ಷಕ್ಕೂ ಬೇಗ ತೀರುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಹಾಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಇಬ್ಬರ ಸಂಬಳವೂ ಇಎಂಐಗೇ ಬೇಕಾಗುವಷ್ಟು ದೊಡ್ಡ ಫ್ಲ್ಯಾಟು ಕೊಂಡ ಮನೆಗಳಲ್ಲಿ ಮಗು ಯಾವಾಗ ಎಂಬ ಮಾತನ್ನು ಬ್ಯಾಂಕು ತೀರ್ಮಾನಿಸುತ್ತದೆ. ನೋಂದಣಿಯ ಖರ್ಚನ್ನು ಲೆಕ್ಕಕ್ಕೆ ಹಿಡಿಯದವರೂ ಬಹಳ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1ರಿಂದ 2ಕ್ಕೆ ಏರಿದೆ. ₹45 ಲಕ್ಷ ಮೀರಿದ ಆಸ್ತಿಗೆ ಸ್ಟಾಂಪು, ಸೆಸ್ಸು ಎಲ್ಲ ಸೇರಿ ನೂರಕ್ಕೆ ಏಳೂವರೆ ದಾಟುತ್ತದೆ.

ಬ್ಯಾಂಕಿನಲ್ಲಿಟ್ಟ ದುಡ್ಡಿನ ಬಗ್ಗೆಯೂ ಒಂದು ಮಾತು. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ತೆಗೆಯಲು ಬಿಟ್ಟದ್ದು ₹35,000. ಮುಂದಿನ ತಿಂಗಳು, ಫೆಬ್ರವರಿ 4ರಿಂದ, ದೇಶದಲ್ಲಿ ಠೇವಣಿ ವಿಮೆಯ ಮಿತಿ ₹1 ಲಕ್ಷದಿಂದ ₹5 ಲಕ್ಷಕ್ಕೆ ಏರಿತು. ಅಂದರೆ ಒಬ್ಬರ ಹೆಸರಿನಲ್ಲಿ ಒಂದು ಬ್ಯಾಂಕಿನಲ್ಲಿ ಅದಕ್ಕಿಂತ ಹೆಚ್ಚು ಪೇರಿಸಬಾರದು. ಗಂಡ ಹೆಂಡತಿ ಬೇರೆ ಬೇರೆ ಖಾತೆ ಇಟ್ಟುಕೊಳ್ಳುವುದಕ್ಕೆ ಇದೂ ಒಂದು ಒಳ್ಳೆಯ ನೆಪ.

ನಾಮಿನಿ

ಮದುವೆಗೆ ಮೊದಲು ಪಿಎಫ್‌ಗೆ ಅಪ್ಪನ ಹೆಸರೋ ಅಣ್ಣನ ಹೆಸರೋ ಕೊಟ್ಟಿರುತ್ತಾರೆ. ಮದುವೆಯಾದ ಮೇಲೆ ನಾಮಿನಿಯನ್ನು ಹೊಸದಾಗಿ ಬರೆಯಬೇಕು. ನೂರಾರು ಜನರ ಊಟದ ಲೆಕ್ಕವಿಟ್ಟವರು ಇದನ್ನು ಮರೆಯುತ್ತಾರೆ. ಪಿಎಫ್‌ಗೆ ಅಂಟಿಕೊಂಡೇ ಒಂದು ಜೀವವಿಮೆ ಇದೆ. ಸೇವೆಯಲ್ಲಿದ್ದಾಗ ಸತ್ತರೆ ಗರಿಷ್ಠ ₹7 ಲಕ್ಷ, ನೌಕರನ ಸಂಬಳದಿಂದ ಅದಕ್ಕೆ ಒಂದು ರೂಪಾಯಿಯೂ ಹಿಡಿಯುವುದಿಲ್ಲ. ನಾಮಿನಿ ಸರಿಯಿಲ್ಲದಿದ್ದರೆ ಆ ದುಡ್ಡಿಗಾಗಿ ಹೆಂಡತಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ನಾಮಿನಿ ಬರೆಯುವುದು ಈಗ ಫೋನಿನಲ್ಲೇ ಆಗುತ್ತದೆ: ಆಧಾರ್ ಸಂಖ್ಯೆ, ಒಂದು ಫೋಟೋ, ಒಂದು ಒಟಿಪಿ.

ಇನ್ನು ಆ ಮೂರು ತಾರೀಖುಗಳನ್ನು ಎಲ್ಲಿ ಬರೆಯುವುದು? ಆ್ಯಪ್‌ಗಳು ಬೇಕಾದಷ್ಟಿವೆ, ಅವು ಒಬ್ಬರ ಫೋನಿನೊಳಗೆ ಇರುತ್ತವೆ. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಕ್ಕೆ ಗೀಟು, ಸಿಲಿಂಡರ್ ಹಚ್ಚಿದ ದಿನಕ್ಕೆ ಸೊನ್ನೆ, ಆಕೆಯ ಓಟಿ ಗಂಟೆಗಳು ಮೊದಲೇ ಇವೆ. ಚೀಟಿ ಮುಗಿಯುವ ತಿಂಗಳು ಆ ಕ್ಯಾಲೆಂಡರಿನಲ್ಲಿ ಇರುವುದಿಲ್ಲ, ಮುಂದಿನ ವರ್ಷದ್ದು. ಅದನ್ನು ಬರೆಯಲೆಂದೇ ಡಿಸೆಂಬರ್ ಹಾಳೆಯ ಹಿಂಬದಿ ಖಾಲಿ ಇರುತ್ತದೆ. ಜನವರಿ ಒಂದರಂದು ಹೊಸದನ್ನು ಮೊಳೆಗೆ ಹಾಕುವ ಮುಂಚೆ ಇಬ್ಬರೂ ಅದನ್ನು ತಿರುಗಿಸಿ ನೋಡಲೇಬೇಕು.