ಕಿವಿಯೊಳಗಿನ ಗಿರಣಿ: ಮದ್ದು ಹುಡುಕಿ ಸುಸ್ತಾದವರ ಕಥೆ

ಮೈಸೂರು: ಕಿವಿಯೊಳಗೆ ಗುಂಯ್ ಅನ್ನುತ್ತದೆ. ಕೆಲವರಿಗೆ ಜೀರುಂಡೆ ಕೂಗಿದ ಹಾಗೆ, ಕೆಲವರಿಗೆ ಕುಕ್ಕರ್ ಸೀಟಿ ಹೊಡೆದ ಹಾಗೆ, ಇನ್ನು ಕೆಲವರಿಗೆ ದೂರದಲ್ಲೆಲ್ಲೋ ಗಿರಣಿ ಓಡಿದ ಹಾಗೆ. ಪಕ್ಕದಲ್ಲಿ ಮಲಗಿದ ಹೆಂಡತಿಗೆ ಅದು ಕೇಳದು. ಕೇಳುವವನಿಗೆ ಮಾತ್ರ ಹಗಲೂ ಇರುಳೂ ಬಿಡುವಿಲ್ಲ. ಡಾಕ್ಟರುಗಳು ಇದನ್ನು ಟಿನ್ನಿಟಸ್ ಅನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಇದರ ಹೆಸರು ಕರ್ಣನಾದ. ಮನೆಯವರು ಮಾತ್ರ “ನಿಮ್ಗೆಲ್ಲೋ ಭ್ರಮೆ, ಸುಮ್ನೆ ಮಲಗ್ರೀ” ಅಂದುಬಿಡುತ್ತಾರೆ.

ಭ್ರಮೆಯಲ್ಲ ಸ್ವಾಮಿ. 2022ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕದ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿ ಈ ಸದ್ದನ್ನು ಒಂದಲ್ಲ ಒಂದು ಸಲ ಕೇಳಿದವರೇ. ಜಗತ್ತಿನಲ್ಲಿ 12 ಕೋಟಿ ಮಂದಿಗೆ ಅದು ಬಾಳನ್ನೇ ಕೆಡಿಸುವಷ್ಟು ಜೋರು. ಸಂಗೀತಗಾರ ಬೀಥೋವನ್ ಕೂಡ 1801ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಇದೇ ಗೋಳು ತೋಡಿಕೊಂಡಿದ್ದ.

ಖರ್ಚಿನ ಪಟ್ಟಿ

ಐವತ್ತು ದಾಟಿದ ಹಿಟ್ಟಿನ ಗಿರಣಿಯ ಯಜಮಾನರೊಬ್ಬರ ಪಾಡು ನೋಡಿ. ಇಪ್ಪತ್ತು ವರ್ಷ ಮೆಷಿನ್ ಪಕ್ಕ ನಿಂತವರು. ಕಿವಿ ಗುಂಯ್‌ಗುಟ್ಟಲು ಶುರುವಾದಾಗ ಮೊದಲು ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ಹಾಕಿದರು. ಆಮೇಲೆ ಬಸ್‌ಸ್ಟ್ಯಾಂಡ್ ಬಳಿ ಕಿವಿ ಕ್ಲೀನ್ ಮಾಡುವವನ ಕೈಗೆ ಕಿವಿ ಕೊಟ್ಟರು. ಮೆಡಿಕಲ್ ಸ್ಟೋರಿನ ವಿಟಮಿನ್ ಮಾತ್ರೆ, ಯಾರೋ ಹೇಳಿದ ಗಿಂಕೊ ಮಾತ್ರೆ, ಟೀವಿಯಲ್ಲಿ ಕಂಡ “ಗ್ಯಾರಂಟಿ” ಔಷಧಿ, ಒಂದಾದ ಮೇಲೊಂದು. “ಸದ್ದು ಹೋಗ್ಲಿಲ್ಲ, ದುಡ್ಡು ಹೋಯ್ತು” ಅನ್ನುವುದು ಅವರ ಲೆಕ್ಕ. ನಿದ್ದೆಯೂ ಹೋಯಿತು. ಗಿರಾಕಿ ಮೇಲೆ ರೇಗುವುದು ಜಾಸ್ತಿಯಾಯಿತು. ಕೊನೆಗೆ ಗಲ್ಲದ ಮೇಲೆ ಮಗ ಕೂರಬೇಕಾಯಿತು.

ಇಂಥ ಪಟ್ಟಿ ಪ್ರತಿ ಬೀದಿಯಲ್ಲೂ ಸಿಗುತ್ತದೆ. ಹುಡುಕಿದ್ದು ತಪ್ಪಲ್ಲ. ಹುಡುಕಿದ ಜಾಗ ತಪ್ಪು.

ಸದ್ದು ಮಾಡೋದು ಯಾರು?

ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಒಂದು ಅಂಗ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳು. ಹೊರಗಿನ ಸದ್ದನ್ನು ಮಿದುಳಿಗೆ ದಾಟಿಸುವುದು ಇವುಗಳ ಕೆಲಸ. ಗದ್ದಲಕ್ಕೋ ವಯಸ್ಸಿಗೋ ಸತ್ತರೆ ಮನುಷ್ಯರಲ್ಲಿ ಇವು ಮತ್ತೆ ಹುಟ್ಟುವುದಿಲ್ಲ. ಬರಬೇಕಾದ ಸದ್ದು ಬರದಿದ್ದಾಗ ಮಿದುಳು ತನ್ನ ವಾಲ್ಯೂಮ್ ಏರಿಸುತ್ತದೆ ಅನ್ನುವುದು ತಜ್ಞರು ಹೆಚ್ಚಾಗಿ ಹೇಳುವ ವಿವರಣೆ. ಸ್ಟೇಷನ್ ಸಿಗದ ರೇಡಿಯೋ ಕಿವಿ ಹಿಂಡಿದರೆ ಗೊರಗೊರ ಅನ್ನುವುದಿಲ್ಲವೆ? ಹಾಗೆ.

1953ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಕಿವಿ ಸರಿಯಿದ್ದ 80 ಜನರನ್ನು ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿದರು. ನೂರಕ್ಕೆ 94ರಷ್ಟು ಜನ ಏನೋ ಒಂದು ಸದ್ದು ಕೇಳಿತು ಅಂದರು! ಅಂದರೆ ಸದ್ದು ಇರುವುದೇ ದೊಡ್ಡದಲ್ಲ. ಮಿದುಳು ಅದನ್ನೇ ಹಿಡಿದು ಕೂರುವುದು ದೊಡ್ಡ ತಾಪತ್ರಯ.

ಮದ್ದು ಉಂಟೋ ಇಲ್ಲವೋ?

ನೇರವಾಗಿ ಹೇಳುವುದಾದರೆ, ಒಳಕಿವಿ ಕೆಟ್ಟು ಬಂದ ಸದ್ದನ್ನು ಪೂರ್ತಿ ಅಳಿಸುವ ಮಾತ್ರೆ ಇನ್ನೂ ಬಂದಿಲ್ಲ. ಗ್ಯಾರಂಟಿ ಕೊಡುವವನು ಕೊಡುವುದು ಬರೀ ರಸೀದಿ. 2014ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಸಂಘ ಹೊರಡಿಸಿದ ಸಲಹೆಯಲ್ಲಿ ಈ ಸದ್ದಿಗೆ ಗಿಂಕೊ, ಸತುವಿನ ಮಾತ್ರೆ ಬೇಡ ಎಂದೇ ಇದೆ.

ಹಾಗಂತ ದಾರಿಯೇ ಇಲ್ಲವೆಂದಲ್ಲ. ಕಿವಿಯ ಗುಗ್ಗೆ ಗಟ್ಟಿಯಾಗಿಯೋ ಕಿವಿ ಸೋರಿಯೋ ಸದ್ದು ಬಂದಿದ್ದರೆ ಅದನ್ನು ಸರಿಮಾಡಿದರೆ ಎಷ್ಟೋ ಸಲ ಸದ್ದೂ ಇಳಿಯುತ್ತದೆ. ಕಿವಿ ಮಂದವಾಗಿದ್ದರೆ ಶ್ರವಣ ಯಂತ್ರ. ಹೊರಗಿನ ಮಾತು ಕೇಳತೊಡಗಿದ ಮೇಲೆ ಒಳಗಿನ ಗದ್ದಲ ಹಿಂದೆ ಸರಿಯುತ್ತದೆ. ಮೂರನೆಯದು, ಸದ್ದಿನ ಬಗೆಗಿನ ಭಯ, ಸಿಟ್ಟು, ಚಿಂತೆಯನ್ನು ಇಳಿಸಲು ಕಲಿಸುವ ಮಾತಿನ ಚಿಕಿತ್ಸೆ. ಸಂಕಟ ಕಡಿಮೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇರುವುದು ಇದಕ್ಕೆ. ನೆನಪಿರಲಿ, ಇಳಿಯುವುದು ಸಂಕಟ, ಸದ್ದಲ್ಲ.

ಬಸ್‌ಸ್ಟ್ಯಾಂಡ್ ಎದುರು ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾದೀತು. ಮೊದಲ ತಿಂಗಳು ಬಸ್ಸಿನ ಸದ್ದಿಗೆ ತಲೆ ಸಿಡಿಯುತ್ತದೆ. ವರ್ಷ ಕಳೆದರೆ ಬಸ್ ಬಂದದ್ದೂ ಗೊತ್ತಾಗದು. ಒಳಗಿನ ಸದ್ದಿಗೂ ಮಿದುಳನ್ನು ಹಾಗೆ ಪಳಗಿಸಬಹುದು. ರಾತ್ರಿ ಪೂರ್ತಿ ನಿಶ್ಶಬ್ದ ಬೇಡ, ಫ್ಯಾನ್ ತಿರುಗಲಿ, ಮೆಲ್ಲಗೆ ರೇಡಿಯೋ ಹಾಡಲಿ.

ಮಾನಸಗಂಗೋತ್ರಿಯಲ್ಲೇ ಇದೆ

ತಮಾಷೆ ಏನೆಂದರೆ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ “ಆಯಿಷ್”, ನಮ್ಮೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಹೊರ ರಾಜ್ಯದವರು ರೈಲು ಹತ್ತಿ ಬರುತ್ತಾರೆ. ಊರಿನವರು ಮಾತ್ರ “ಅದು ಮಾತು ಬಾರದ ಮಕ್ಕಳಿಗೆ ಕಣಪ್ಪಾ” ಅಂದುಕೊಂಡು ಎದುರಿಗೇ ಬಸ್ಸಿನಲ್ಲಿ ಹಾದುಹೋಗುತ್ತಾರೆ. ದೊಡ್ಡವರ ಕಿವಿಯನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿಗಾಗದಿದ್ದರೆ ಕೆ.ಆರ್. ಆಸ್ಪತ್ರೆ ಉಂಟು. ಮೊದಲ ಖರ್ಚು ಎಣ್ಣೆಗಲ್ಲ, ಪರೀಕ್ಷೆಗೆ ಆಗಲಿ.

ಕೆಲವು ಸಂದರ್ಭದಲ್ಲಂತೂ ಕಾಯಲೇಬಾರದು. ಕಿವಿ ದಿಢೀರನೆ ಕೇಳದಾದರೆ ಅಂದೇ ಹೋಗಬೇಕು, ದಿನ ಕಳೆದಷ್ಟೂ ಚಿಕಿತ್ಸೆಯ ಫಲ ಕಡಿಮೆ. ಒಂದೇ ಕಿವಿಯಲ್ಲಿ ಸದ್ದಿದ್ದರೆ, ನಾಡಿ ಬಡಿತದ ಲಯಕ್ಕೇ ಡಬ್‌ಡಬ್ ಅನ್ನುತ್ತಿದ್ದರೆ, ಜೊತೆಗೆ ತಲೆ ಸುತ್ತಿದರೆ ತೋರಿಸಿಕೊಳ್ಳಲೇಬೇಕು. ತೆಗೆದುಕೊಳ್ಳುವ ಮಾತ್ರೆ, ಇಂಜೆಕ್ಷನ್ನುಗಳ ಹೆಸರನ್ನೂ ಹೇಳಬೇಕು. ಆಸ್ಪಿರಿನ್ ಅತಿಯಾದರೆ ಕಿವಿ ಗುಂಯ್ ಅನ್ನುತ್ತದೆ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್‌ಗಳಿಂದ ಒಳಕಿವಿಯೇ ಕೆಡಬಹುದು. ಆದರೆ ತಾವಾಗಿಯೇ ಔಷಧಿ ನಿಲ್ಲಿಸುವ ಸಾಹಸ ಬೇಡ.

ಉಳಿದ ಕಿವಿಯನ್ನಾದರೂ

85 ಡೆಸಿಬಲ್ ಗದ್ದಲದಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು ಎನ್ನುತ್ತಾರೆ ತಜ್ಞರು. ಮೂರು ಡೆಸಿಬಲ್ ಏರಿದರೆ ಅವಧಿ ಅರ್ಧಕ್ಕರ್ಧ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಅಳೆಯುವ ಯಂತ್ರ ಬೇಕಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರುವವನೊಡನೆ ಕೂಗಿ ಮಾತಾಡಬೇಕಾಗಿದ್ದರೆ ಆ ಜಾಗ ಕಿವಿಗೆ ಕೇಡು ಎಂದೇ ಲೆಕ್ಕ. ಗಿರಣಿಯವರು, ಪಾತ್ರೆ ಬಡಿಯುವವರು, ವೆಲ್ಡಿಂಗ್ ಶಾಪಿನವರು ಅಗ್ಗದ ಇಯರ್‌ಪ್ಲಗ್ಗಾದರೂ ಹಾಕಿಕೊಳ್ಳಲಿ.

ಕೊನೆಯ ಮಾತು ಅಂಗಡಿಯವರಿಗೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವ್ಯಾಪಾರದ ಬೀದಿಗೆ ಹಗಲು 65, ರಾತ್ರಿ 55 ಡೆಸಿಬಲ್ ಮಿತಿ. ಗಿರಾಕಿ ಕರೆಯಲು ಬಾಗಿಲಲ್ಲಿ ಇಟ್ಟ ಸ್ಪೀಕರ್ ಪೆಟ್ಟಿಗೆಯ ಮುಂದೆ ಗಿರಾಕಿ ಐದು ನಿಮಿಷ ನಿಂತು ಹೋಗುತ್ತಾನೆ. ಬೆಳಗಿಂದ ಸಂಜೆವರೆಗೆ ಅದರ ಪಕ್ಕ ಕೂರುವುದು ಯಜಮಾನರು, ಕೆಲಸದ ಹುಡುಗರು. ಅಂಗಡಿಗೆ ರೋಲಿಂಗ್ ಶಟರ್ ಇದೆ, ಎಳೆದರೆ ಮುಚ್ಚುತ್ತದೆ. ಕಿವಿಗೆ ಅದಿಲ್ಲ.