ಹಲ್ಲು ನೋಯುವ ತನಕ ಕಾಯಬೇಕೇ?

ಹಲ್ಲು ನೋವು ಬಂದರೆ ಮೊದಲು ಲವಂಗ, ಅದಕ್ಕೆ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಮಾತ್ರೆ, ಮಾತ್ರೆಗೂ ಬಗ್ಗದಿದ್ದರೆ ಮಾತ್ರ ದಂತವೈದ್ಯರು. ನಮ್ಮ ಬಹಳಷ್ಟು ಮನೆಗಳಲ್ಲಿ ನಡೆದುಬಂದಿರುವ ಕ್ರಮ ಇದು. ನೋವಿಲ್ಲವೆಂದರೆ ರೋಗವೂ ಇಲ್ಲ ಎಂಬ ನಂಬಿಕೆ ಇದರ ಹಿಂದಿದೆ. ಹಲ್ಲಿನ ವಿಷಯದಲ್ಲಿ ಈ ನಂಬಿಕೆ ದುಬಾರಿ. ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆದರೆ ಅದರಲ್ಲಿ ನರವೂ ಇಲ್ಲ, ಜೀವಕೋಶವೂ ಇಲ್ಲ. ಅದು ಕರಗುತ್ತಿದ್ದರೂ ನಮಗೆ ತಿಳಿಯುವುದಿಲ್ಲ, ಒಮ್ಮೆ ತೂತು ಬಿದ್ದರೆ ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಹುಳುಕು ಒಳಗಿನ ಡೆಂಟಿನ್ ಪದರಕ್ಕೆ ಇಳಿದ ಮೇಲೆ ತಣ್ಣೀರು, ಸಿಹಿ ತಾಕಿದರೆ ಜುಮ್ಮೆನ್ನುತ್ತದೆ. ನರ ಮತ್ತು ರಕ್ತನಾಳಗಳಿರುವ ತಿರುಳನ್ನು ಮುಟ್ಟಿದಾಗ ರಾತ್ರಿಯ ನಿದ್ದೆ ಕೆಡುತ್ತದೆ. ಎನಾಮೆಲ್ ಮೇಲೆ ಬರೀ ಬಿಳಿ ಮಚ್ಚೆಯಿದ್ದಾಗ ಫ್ಲೋರೈಡ್ ಲೇಪನದಿಂದ ಹುಳುಕನ್ನು ತಡೆಯಬಹುದು, ಡೆಂಟಿನ್‌ಗೆ ಇಳಿದಾಗ ಫಿಲ್ಲಿಂಗ್ ಬೇಕು. ತಿರುಳು ಕೆಟ್ಟ ಮೇಲೆ ಉಳಿಯುವುದು ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸುವುದು, ಇಲ್ಲವೇ ಕೀಳಿಸುವುದು. ನೋವಿಗಾಗಿ ಕಾದವರು ಅಗ್ಗದ ಎರಡು ಅವಕಾಶಗಳನ್ನು ಕಳೆದುಕೊಂಡೇ ಕ್ಲಿನಿಕ್ಕಿಗೆ ಬರುತ್ತಾರೆ.

ಹುಳುಕು ಆಗುವುದು ಹೇಗೆಂದು ತಿಳಿದರೆ ಕಾಯುವುದು ಏಕೆ ತಪ್ಪೆಂಬುದೂ ತಿಳಿಯುತ್ತದೆ. ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ಕೆಲವೇ ನಿಮಿಷಗಳಲ್ಲಿ ಆಮ್ಲ ಮಾಡುತ್ತವೆ. ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತಣಿಸಿ ಖನಿಜವನ್ನು ಮರಳಿ ಕೂರಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಾಗಾಗಿ ಎಷ್ಟು ಸಿಹಿ ತಿಂದೆವು ಎಂಬುದಷ್ಟೇ ಅಲ್ಲ, ದಿನಕ್ಕೆ ಎಷ್ಟು ಬಾರಿ ತಿಂದೆವು ಎಂಬುದೂ ಮುಖ್ಯ. ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940, 50ರ ದಶಕಗಳಲ್ಲಿ ನಡೆದ ಪ್ರಯೋಗ ಇದನ್ನು ತೋರಿಸಿತು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ ಬುದ್ಧಿಮಾಂದ್ಯ ರೋಗಿಗಳ ಮೇಲೆ ನಡೆಸಿದ ಆ ಪ್ರಯೋಗ ನೈತಿಕವಾಗಿ ಖಂಡನೀಯ. ಆದರೂ ಅದರ ಫಲಿತಾಂಶವನ್ನು ತಳ್ಳಿಹಾಕುವಂತಿಲ್ಲ: ಊಟದ ಜೊತೆ ಸಿಹಿ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ, ಊಟಗಳ ನಡುವೆ ಅಂಟುವ ಟಾಫಿ ತಿಂದವರಲ್ಲಿ ವಿಪರೀತ ಹೆಚ್ಚಿತು. ಹಬ್ಬದೂಟದ ಹೋಳಿಗೆಗಿಂತ ದಿನವಿಡೀ ಗುಟುಕರಿಸುವ ಸಕ್ಕರೆ ಕಾಫಿ, ಅದರ ಜೊತೆಗಿನ ಬಿಸ್ಕತ್ತು ಹಲ್ಲಿಗೆ ಹೆಚ್ಚು ಅಪಾಯ.

ಇದ್ದಿಲಿನಲ್ಲಿ ಹಲ್ಲುಜ್ಜಿದ ನಮ್ಮ ಅಜ್ಜ ಅಜ್ಜಿಯರಿಗೆ ಇದೆಲ್ಲ ಎಲ್ಲಿತ್ತು ಎಂದು ಕೇಳುವವರಿದ್ದಾರೆ. ಅವರ ದಿನದಲ್ಲಿ ಊಟಗಳ ನಡುವೆ ಸಕ್ಕರೆ ಇಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ಅವರನ್ನು ಕಾಪಾಡಿದ್ದರಲ್ಲಿ ಇದ್ದಿಲಿಗಿಂತ ಇದರ ಪಾಲು ದೊಡ್ಡದು. ಒರಟು ಪುಡಿ ಹಲ್ಲಿನ ಬುಡವನ್ನು ಸವೆಸುತ್ತದೆ, ಅಷ್ಟೇ. ಫ್ಲೋರೈಡ್ ಪೇಸ್ಟಿನ ಬಗೆಗಿನ ಆತಂಕಕ್ಕೆ ಮಾತ್ರ ಕಾರಣವಿದೆ. ಕೋಲಾರ, ಪಾವಗಡದ ಕಡೆ ಕೊಳವೆಬಾವಿ ನೀರಿನ ಅತಿ ಫ್ಲೋರೈಡ್‌ನಿಂದ ಹಲ್ಲು ಕಂದುಗಟ್ಟಿದ್ದನ್ನು ಜನ ಕಂಡಿದ್ದಾರೆ. ಆದರೆ ಆ ಕಲೆ ಬರುವುದು ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊಟ್ಟೆಗೆ ಹೋದರೆ. ಹಲ್ಲಿಗೆ ತಾಗಿಸಿ ಉಗುಳುವ ಪೇಸ್ಟ್ ಎನಾಮೆಲ್ಲನ್ನು ಗಟ್ಟಿಗೊಳಿಸುತ್ತದೆ. ಮಕ್ಕಳು ಪೇಸ್ಟ್ ನುಂಗುತ್ತಾರೆಂಬ ಕಾರಣಕ್ಕೇ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಸಾಕೆನ್ನುತ್ತಾರೆ.

ಹೇಗೂ ಬಿದ್ದುಹೋಗುವ ಹಾಲುಹಲ್ಲಿಗೆ ಖರ್ಚೇಕೆ ಎಂಬುದು ಮತ್ತೊಂದು ವಾದ. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಿಂದಿನ ಹಾಲು ದವಡೆಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕಾದವು. ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಕೆಳಗಿನಿಂದ ಬರುವ ಶಾಶ್ವತ ಹಲ್ಲು ಸೊಟ್ಟಗಾಗುತ್ತದೆ. ಆಗ ಕ್ಲಿಪ್ ಹಾಕಿಸುವ ಖರ್ಚು ಬೇರೆ. ಇನ್ನೊಂದು ಹಲ್ಲು ಎಲ್ಲರ ಕಣ್ಣು ತಪ್ಪಿಸುತ್ತದೆ. ಸುಮಾರು ಆರನೇ ವರ್ಷದಲ್ಲಿ ಯಾವ ಹಾಲುಹಲ್ಲೂ ಬೀಳದೆಯೇ ಸಾಲಿನ ಕಟ್ಟಕಡೆಯಲ್ಲಿ ಹೊಸ ದವಡೆಹಲ್ಲು ಮೂಡುತ್ತದೆ. ತಂದೆತಾಯಿ ಅದನ್ನೂ ಹಾಲುಹಲ್ಲೆಂದು ತಿಳಿಯುತ್ತಾರೆ, ಆದರೆ ಅದು ಜೀವನಪೂರ್ತಿ ಅಗಿಯಬೇಕಾದ ಹಲ್ಲು. ಅದರ ಆಳವಾದ ಗೀರುಗಳಲ್ಲಿ ಬ್ರಶ್ಶಿನ ಕೂದಲು ಇಳಿಯುವುದಿಲ್ಲ. ಹುಳುಕು ಶುರುವಾಗುವ ಮೊದಲೇ ಆ ಗೀರುಗಳನ್ನು ಸೀಲಂಟ್ ಎಂಬ ಲೇಪದಿಂದ ಮುಚ್ಚಿಸಿದರೆ ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ, ಮಗು ಅಳುವುದೂ ಇಲ್ಲ.

ದೊಡ್ಡವರಲ್ಲಿ ಹಲ್ಲು ಹೋಗಲು ಹುಳುಕಿನಷ್ಟೇ ದೊಡ್ಡ ಕಾರಣ ವಸಡಿನ ರೋಗ. ಇದು ಇನ್ನೂ ಮೌನಿ. ಉಜ್ಜುವಾಗ ಬರುವ ರಕ್ತವೇ ಅದರ ಮೊದಲ ಸುಳಿವು. ರಕ್ತ ಕಂಡೊಡನೆ ಹೆದರಿ ಆ ಭಾಗವನ್ನು ಉಜ್ಜದೆ ಬಿಟ್ಟರೆ ಪಾಚಿ ಗಾರೆಯಾಗಿ ಗಟ್ಟಿಯಾಗುತ್ತದೆ, ವಸಡು ಊದುತ್ತದೆ, ಒಳಗೆ ಹಲ್ಲನ್ನು ಹಿಡಿದ ಮೂಳೆ ಕರಗುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಮೂಳೆ ಕರಗಿ ಮೊದಲೇ ಸಡಿಲವಾಗಿದ್ದ ಹಲ್ಲುಗಳನ್ನು ಗಾರೆ ಒಟ್ಟಿಗೆ ಹಿಡಿದಿರುತ್ತದೆ. ಅದನ್ನು ತೆಗೆದಾಗ ಅಲುಗಾಟ ಗೊತ್ತಾಗುತ್ತದೆ. ಹಲ್ಲು ಸಡಿಲವಾಗಿದ್ದು ವಸಡಿನ ರೋಗದಿಂದ, ಕ್ಲೀನಿಂಗ್‌ನಿಂದಲ್ಲ. ಸಕ್ಕರೆ ಕಾಯಿಲೆಯಿರುವವರಿಗೆ ಈ ರೋಗ ಬೇಗ ಬಲಿಯುತ್ತದೆ. ವಸಡಿನ ಉರಿಯೂತವೂ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ. ತಂಬಾಕು ಜಗಿಯುವವರಿಗೆ, ಅಡಿಕೆ ಚಟವಿದ್ದು ಬಾಯಿ ತೆರೆಯಲು ಬಿಗಿಯಾಗುತ್ತಿರುವವರಿಗೆ ಬಾಯೊಳಗೆ ಮೂಡುವ ನೋವಿಲ್ಲದ ಬಿಳಿ ಮಚ್ಚೆ ಕ್ಯಾನ್ಸರಿನ ಮುನ್ಸೂಚನೆಯೂ ಆಗಿರಬಹುದು.

ವಯಸ್ಸಾದ ಮೇಲೆ ಹಲ್ಲು ಬೀಳುವುದು ಸಹಜವೆಂಬ ಮಾತೂ ಇಲ್ಲಿಗೆ ಬಂದು ನಿಲ್ಲುತ್ತದೆ. ಹಲ್ಲು ಕೀಳುವುದು ವಯಸ್ಸಲ್ಲ, ವರ್ಷಗಟ್ಟಲೆ ಚಿಕಿತ್ಸೆ ಕಾಣದ ರೋಗ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆಂಬ ಭಯಕ್ಕೂ ಆಧಾರವಿಲ್ಲ. ಹಲ್ಲಿನ ನರವೇ ಬೇರೆ, ದೃಷ್ಟಿಯ ನರವೇ ಬೇರೆ. ಖರ್ಚಿನ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳುವಂತಿಲ್ಲ. ಒಂದು ರೂಟ್ ಕೆನಾಲ್ ಬಿಲ್ಲು ಸಾಮಾನ್ಯ ಮನೆಯ ತಿಂಗಳ ಲೆಕ್ಕವನ್ನೇ ಏರುಪೇರು ಮಾಡಬಲ್ಲದು. ಆದರೆ ಈ ಕಾರಣವೇ ಬೇಗ ಹೋಗಬೇಕೆನ್ನುವುದಕ್ಕೂ ಬಲ ಕೊಡುತ್ತದೆ. ತಪಾಸಣೆ, ಕ್ಲೀನಿಂಗ್, ಸಣ್ಣ ಫಿಲ್ಲಿಂಗ್ ಮೂರೂ ಸೇರಿದರೂ ಸಾಮಾನ್ಯವಾಗಿ ಒಂದು ರೂಟ್ ಕೆನಾಲ್, ಕ್ಯಾಪಿನಷ್ಟು ಆಗುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ದಂತ ವಿಭಾಗದಲ್ಲಿ, ದಂತ ಕಾಲೇಜುಗಳಲ್ಲಿ ಇನ್ನೂ ಕಡಿಮೆ. ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಒಮ್ಮೆ ಎರಡು ನಿಮಿಷ ಉಜ್ಜಿ, ಊಟಗಳ ನಡುವಿನ ಸಿಹಿ ಕಡಿಮೆ ಮಾಡಿ, ವರ್ಷಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ಬಾಯಿ ತೋರಿಸಿಕೊಂಡು ಬಂದರೆ ದೊಡ್ಡ ಚಿಕಿತ್ಸೆಗಳಲ್ಲಿ ಹೆಚ್ಚಿನವು ಬೇಕಾಗುವುದಿಲ್ಲ. ನೋವೇ ಇಲ್ಲದಿದ್ದಾಗ ದಂತವೈದ್ಯರ ಬಳಿ ಹೋಗುವುದು ದುಂದುವೆಚ್ಚವಲ್ಲ, ಇರುವುದರಲ್ಲಿ ಅತಿ ಕಡಿಮೆ ಖರ್ಚಿನ ದಾರಿ.