ಗುಡ್ಡದ ಮೇಲೆ ದುಡಿಮೆಯ ಊರು

ಮಂಗಳೂರಿನ ಹಂಪನಕಟ್ಟೆಯಿಂದ ಪೂರ್ವಕ್ಕೆ ಏರುವ ರಸ್ತೆ ಬಲ್ಮಠ ಗುಡ್ಡವನ್ನು ಮುಟ್ಟುತ್ತದೆ. ಸುತ್ತ ಕದ್ರಿ, ಬೆಂದೂರು, ಕಂಕನಾಡಿ, ಫಳ್ನೀರು, ಬಾವುಟಗುಡ್ಡೆ. ಇಂದು ಇವು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಂದು ಬಡಾವಣೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಆದರೆ ಬಲ್ಮಠ ಹುಟ್ಟಿದ ಬಗೆ ನೆರೆಯ ಗುಡ್ಡಗಳಿಗಿಂತ ಬೇರೆ. ಕದ್ರಿಯನ್ನು ದೇವಸ್ಥಾನ ಬೆಳೆಸಿತು; ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹ ಆಳುಪರ ಕುಂದವರ್ಮನ ಕಾಲದ್ದು, ಕ್ರಿ.ಶ. 968ರದ್ದು. ಬಾವುಟಗುಡ್ಡೆಗೆ ಹೆಸರು ತಂದದ್ದು ಬ್ರಿಟಿಷರ ವಿರುದ್ಧ ಎದ್ದ 1837ರ ಅಮರ ಸುಳ್ಯ ದಂಗೆ. ಬಲ್ಮಠವನ್ನು ಊರಾಗಿಸಿದ್ದು ಕೂಲಿ ಮತ್ತು ಕಸುಬು.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ ಹರ್ಮನ್ ಮೊಗ್ಲಿಂಗ್ ಬಂದರು. 1840ರಲ್ಲಿ, ಕಲೆಕ್ಟರ್ ಆಗಿದ್ದ ಎಚ್.ಎಂ. ಬ್ಲೇರ್ ಬಲ್ಮಠದ ಜಾಗವನ್ನು ಮಿಷನ್ನಿಗೆ ಬಿಟ್ಟುಕೊಟ್ಟರು. ಜಾಗ ಸಿಕ್ಕಿತು. ಅಲ್ಲಿಗೆ ಬಂದು ಸೇರಿದವರ ಹೊಟ್ಟೆಪಾಡೇನು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಹೊಸ ಮತಕ್ಕೆ ಬಂದವರಲ್ಲಿ ಬಿಲ್ಲವರು ಬಹಳ ಮಂದಿ. ಮೂರ್ತೆ ಹಲವರ ಕುಲಕಸುಬು. ಕಳ್ಳು ಇಳಿಸುವುದನ್ನು ಮಿಷನ್ ಒಪ್ಪುತ್ತಿರಲಿಲ್ಲ. ತಾಯಿಯ ಕಡೆಯಿಂದ ಹಕ್ಕು ಸಾಗುವ ಅಳಿಯಕಟ್ಟಿನ ಕುಟುಂಬದಲ್ಲಿ ಆಸ್ತಿಯೂ ಆಸರೆಯೂ ಕೂಡುಮನೆಯದೇ. ಆ ಮನೆಯಿಂದ ಹೊರಬಿದ್ದವನಿಗೆ ಉಳಿಯುತ್ತಿದ್ದದ್ದು ಎರಡು ಕೈಗಳಷ್ಟೆ. ಮನೆ, ಕಸುಬು, ಜಾತಿಯ ಆಸರೆ ಮೂರನ್ನೂ ಒಟ್ಟಿಗೆ ಕಳೆದುಕೊಂಡವರಿಗೆ ಪ್ರಾರ್ಥನೆಯ ಜತೆಗೆ ದುಡಿಮೆಯೂ ಬೇಕಿತ್ತು. ಬಲ್ಮಠದ ಕತೆಯ ಬೇರು ಇಲ್ಲಿದೆ.

ಮಿಷನ್ ಮೊದಮೊದಲು ಕೈಗೆತ್ತಿಕೊಂಡ ಕಸುಬುಗಳಲ್ಲಿ ಮುದ್ರಣವೂ ಒಂದು. 1841ರಲ್ಲಿ ಕಲ್ಲಚ್ಚಿನ ಯಂತ್ರ ಬಂತು. ಕಲ್ಲಚ್ಚು ತಾಳ್ಮೆ ಬೇಡುವ ಕೆಲಸ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಬೇಕು, ಆಮೇಲೆ ಕಲ್ಲನ್ನು ಒದ್ದೆ ಮಾಡಬೇಕು. ನೀರಿದ್ದಲ್ಲಿ ಮಸಿ ಹಿಡಿಯದು, ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ. ಪ್ರತಿ ಹಾಳೆಗೂ ಮತ್ತೆ ನೀರು, ಮತ್ತೆ ಮಸಿ, ಮತ್ತೆ ಒತ್ತು. 1843ರ ಜುಲೈ 1ರಂದು ಮೊಗ್ಲಿಂಗ್ ಸಂಪಾದಕತ್ವದ ‘ಮಂಗಳೂರ ಸಮಾಚಾರ’ ಹೊರಬಂದದ್ದು ಹೀಗೆಯೇ, ಕಲ್ಲಿನ ಮೇಲಿಂದ. ಕನ್ನಡದ ಮೊದಲ ಪತ್ರಿಕೆಯ ಪುಟಗಳಲ್ಲಿ ಕೈಬರಹದ ಓಟ ಕಾಣುವುದು ಅದಕ್ಕಾಗಿಯೇ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಯಿತು. ಅಚ್ಚಿನ ಕೆಲಸ ಮಂಗಳೂರಿನಲ್ಲೇ ಉಳಿದು ಬೆಳೆಯಿತು. ಮುಂದೆ ಅಚ್ಚಿನ ಮೊಳೆಗಳು ಬಂದವು. ಮೊಳೆ ಜೋಡಿಸುವವರು, ಕರಡು ತಿದ್ದುವವರು, ಪುಸ್ತಕ ಹೊಲಿದು ರಟ್ಟು ಕಟ್ಟುವವರು ತಯಾರಾದರು.

1851ರಲ್ಲಿ ಮಿಷನ್ನಿನ ಜಾನ್ ಹಾಲರ್ ನೇಯ್ಗೆ ಶಾಲೆಯ ಹೊಣೆ ಹೊತ್ತರು. ಯುರೋಪಿನಿಂದ ತಂದ ಮಗ್ಗಗಳಲ್ಲಿ ಬಟ್ಟೆ ನೇಯ್ದರು, ಬಣ್ಣ ಹಾಕುವುದನ್ನೂ ಇಲ್ಲೇ ಮಾಡಿದರು. ಬಲ್ಮಠದ ಖಾಕಿ ಹೆಸರಾದದ್ದು ಈ ಮಗ್ಗಗಳಿಂದ. 1862ರಲ್ಲಿ ಗುಡ್ಡದ ಮೇಲೆ ದೇವಾಲಯ ಎದ್ದಿತು. ಅದೇ ಈಗಿನ ಶಾಂತಿ ಕೆಥೆಡ್ರಲ್. 1865ರಲ್ಲಿ ಮಿಷನ್ನಿನವರೇ ಆದ ಪ್ಲೆಬ್‌ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಜಾಗ ಗುಡ್ಡದ ಕೆಳಗಿನದು, ಕಾರಣ ಗುಡ್ಡದ ಮೇಲಿನದೇ: ಜನರಿಗೆ ಕೆಲಸ ಬೇಕು. ಹೊಳೆದಂಡೆಯ ಜೇಡಿಮಣ್ಣು, ಮಲೆನಾಡಿನ ಸೌದೆ, ಸಾಗಿಸಲು ಹಳೇ ಬಂದರು, ಎಲ್ಲವೂ ಹತ್ತಿರದಲ್ಲೇ ಇದ್ದವು. ಮುಳಿಹುಲ್ಲಿನ ಮಾಡುಗಳ ಜಾಗದಲ್ಲಿ ಕೆಂಪು ಹಂಚು ಬಂದು ಕರಾವಳಿಯ ಊರುಗಳ ಚಹರೆಯೇ ಬದಲಾಯಿತು.

ಸುತ್ತಲ ಗುಡ್ಡಗಳೂ ಸುಮ್ಮನಿರಲಿಲ್ಲ. ಜೆಸ್ವಿತರು 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಆರಂಭಿಸಿದರು. ಅದೇ ವರ್ಷ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಹೋಮಿಯೋಪಥಿ ಔಷಧ ಕೊಡತೊಡಗಿದರು. ಅದು ಬೆಳೆದು ದೊಡ್ಡ ಆಸ್ಪತ್ರೆಯಾಯಿತು. ಒಂದು ಗುಡ್ಡದಲ್ಲಿ ಅಚ್ಚು, ಇನ್ನೊಂದರಲ್ಲಿ ಪಾಠ, ಮತ್ತೊಂದರಲ್ಲಿ ಮದ್ದು. ಮಂಗಳೂರು ಇಂದು ಓದಿಗೂ ಚಿಕಿತ್ಸೆಗೂ ಜನರನ್ನು ಸೆಳೆಯುವ ಪಟ್ಟಣವಾಗಿರುವುದಕ್ಕೆ ಈ ನೆರೆಹೊರೆಯೇ ಬುನಾದಿ.

ಮಿಷನ್ನಿನ ಅಚ್ಚುಕೂಟದ ದೊಡ್ಡ ಸಾಧನೆ 1894ರದ್ದು. ಮಿಷನರಿ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿ ಬಂತು. ಸುಮಾರು 70,000 ಪದಗಳು. ಕಿಟೆಲ್ ಮುನ್ನುಡಿ ಬರೆದದ್ದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಪುಸ್ತಕ ಅಚ್ಚಾದದ್ದು ಮಂಗಳೂರಿನಲ್ಲಿ. ಒಂದೇ ಪುಟದಲ್ಲಿ ಕನ್ನಡ, ರೋಮನ್ ಎರಡು ಲಿಪಿ. ಒತ್ತು, ದೀರ್ಘ ಒಂದು ತಪ್ಪಿದರೂ ಬೇರೆ ಪದವೇ ಆಗಿಬಿಡುವ ಕೆಲಸ. ಅಂಥ ಪುಟಗಳನ್ನು ಮೊಳೆ ಮೊಳೆಯಾಗಿ ಜೋಡಿಸಿ ನಿಲ್ಲಿಸಿದವರು ಅಚ್ಚುಕೂಟದ ಕೆಲಸಗಾರರು. ಮುಖಪುಟದಲ್ಲಿ ಅವರ ಹೆಸರಿಲ್ಲ.

ಮೊದಲ ಮಹಾಯುದ್ಧ ಮಿಷನ್ನಿಗೂ ಈ ಕಸುಬುಗಳಿಗೂ ಇದ್ದ ನಂಟನ್ನು ಕಡಿಯಿತು. ಜರ್ಮನ್ನರು ಬ್ರಿಟಿಷರಿಗೆ ಶತ್ರುಗಳಾದರು, ಮಿಷನ್ನಿನಲ್ಲಿದ್ದ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕಸುಬು ಕಲಿತವರು ಮಾತ್ರ ಇಲ್ಲಿಯವರೇ ಆಗಿ ಉಳಿದರು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹಾಗಾರ ಹಳೆಯ ಪುಸ್ತಕ, ದಾಖಲೆಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ.

ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುತ್ತೇವೆ, ಮೊಗ್ಲಿಂಗ್ ಅವರನ್ನು ನೆನೆಯುತ್ತೇವೆ. ನೆನೆಯಲೇಬೇಕು. ಆದರೆ ಒಬ್ಬ ಸಂಪಾದಕನಿಂದ ಪತ್ರಿಕೆ ಹೊರಬರುವುದಿಲ್ಲ, ಒಬ್ಬ ಪಂಡಿತನಿಂದ ನಿಘಂಟು ಅಚ್ಚಾಗುವುದಿಲ್ಲ. ತಮ್ಮವರಿಂದ ದೂರವಾಗಿ, ಹೊಸ ಕಸುಬು ಕಲಿತು, ಕನ್ನಡಕ್ಕೆ ಅಚ್ಚಿನ ರೂಪ ಕೊಟ್ಟ ತುಳುನಾಡಿನ ದುಡಿಮೆಗಾರರೂ ಆ ದಿನದ ಹಕ್ಕುದಾರರು. ಬಲ್ಮಠದ ಚರಿತ್ರೆಯನ್ನು ಇನ್ನು ಬರೆಯುವವರು ಅವರಿಂದಲೇ ಆರಂಭಿಸಲಿ.